ಗಡಿಯಾಚೆಗೆ ಕೊಟ್ಟ ವಿಳಾಸ

ಊರಿಗೆ ಹೋದಾಗ "ಪುಣೆಯಲ್ಲಿ ಏನು ಕೆಲಸ?" ಎಂದು ಕೇಳುವವರಿಗೆ "ಸಾಫ್ಟ್‌ವೇರು" ಎಂದು ಹೇಳಿ ಸುಮ್ಮನಾಗುತ್ತೇನೆ. ಅದಕ್ಕಿಂತ ಹೆಚ್ಚು ಹೇಳಹೋದರೆ ಕೇಳಿದವರ ಕಾಫಿ ಆರಿಹೋಗುತ್ತದೆ. ನಿಜಕ್ಕೂ ನನ್ನದು ದುಭಾಷಿಯ ಕೆಲಸ. ಕಾರ್ಖಾನೆಯಲ್ಲಿ ಒಂದು ಪ್ರೋಗ್ರಾಂ ಇನ್ನೊಂದಕ್ಕೆ ಸುದ್ದಿ ಮುಟ್ಟಿಸಬೇಕು. ಎರಡೂ ಬೇರೆ ಬೇರೆ ಭಾಷೆಯಲ್ಲಿ ಹುಟ್ಟಿದವು. ನಾನು ನಡುವೆ ನಿಂತು ಮಾತು ಕೆಡದಂತೆ ನೋಡಿಕೊಳ್ಳಬೇಕು.

ಪುಣೆ ಹತ್ತಿರದ ಚಾಕಣದಲ್ಲಿ ವಾಹನಗಳ ಬಿಡಿಭಾಗ ಮಾಡುವ ಒಂದು ಕಾರ್ಖಾನೆ ನಮ್ಮ ಗಿರಾಕಿ. ಅಲ್ಲಿನ ಲೈನಿನಲ್ಲಿ ಪ್ರತಿ ಬೋಲ್ಟನ್ನು ಎಷ್ಟು ಬಿಗಿ ಮಾಡಲಾಯಿತು ಎಂಬ ಲೆಕ್ಕವನ್ನು ಒಂದು ಕಂಪ್ಯೂಟರ್ ಹಿಡಿದು ಸರ್ವರಿಗೆ ಕಳಿಸುತ್ತದೆ. ಪರದೆಯ ಮೇಲೆ ಕಾಣುವ ಪ್ರೋಗ್ರಾಂ ಸಿ ಶಾರ್ಪ್‌ನಲ್ಲಿದೆ, ಡಾಟ್ ನೆಟ್ ಮೇಲೆ ಓಡುತ್ತದೆ. ಸುದ್ದಿ ಸಾಗಿಸುವುದು ಝೀರೋ ಎಂಕ್ಯೂ ಎಂಬ ಲೈಬ್ರರಿ. ಬೆಲ್ಜಿಯಂನ ಐಮ್ಯಾಟಿಕ್ಸ್ ಕಂಪನಿಯಲ್ಲಿ ಮಾರ್ಟಿನ್ ಸುಸ್ಟ್ರಿಕ್, ಪೀಟರ್ ಹಿಂಟ್ಜೆನ್ಸ್ ಮೊದಲಾದವರು 2007ರಲ್ಲಿ ಶುರುಮಾಡಿದ್ದು ಅದು. ಹಿಂಟ್ಜೆನ್ಸ್ 2016ರಲ್ಲಿ ತೀರಿಕೊಂಡರು. ಅವರು ಬರೆದ ಕೈಪಿಡಿಯನ್ನು ನಾನು ಇವತ್ತಿಗೂ ತೆಗೆದು ಓದುತ್ತೇನೆ. ತಾಂತ್ರಿಕ ಪುಸ್ತಕವನ್ನು ಹೀಗೂ ನಗುನಗುತ್ತ ಬರೆಯಬಹುದೇ ಎನಿಸುತ್ತದೆ.

ಆ ಲೈಬ್ರರಿಯ ಒಳಗು ಸಿ ಪ್ಲಸ್ ಪ್ಲಸ್. ಹೊರಗಿನವರ ಜೊತೆ ಮಾತನಾಡುವುದು ಮಾತ್ರ ಬರಿಯ ಸಿ ಭಾಷೆಯಲ್ಲಿ. ನಮ್ಮ ಸೊಸೈಟಿಯಲ್ಲಿ ಪಕ್ಕದ ಮನೆಯ ತಮಿಳರೂ ನಾನೂ ಹಿಂದಿಯಲ್ಲಿ ವ್ಯವಹರಿಸುವುದಿಲ್ಲವೇ, ಹಾಗೆ. ಇಬ್ಬರ ಮನೆಮಾತೂ ಅದಲ್ಲ. ನೀರಿನ ಟ್ಯಾಂಕರ್, ಪಾರ್ಕಿಂಗ್‌ಗೆಲ್ಲ ಸಾಕಾಗುತ್ತದೆ, ಸೂಕ್ಷ್ಮ ಮಾತೇನಾದರೂ ಬಂದರೆ ಇಬ್ಬರೂ ತಡವರಿಸುತ್ತೇವೆ. ಸಿ ಶಾರ್ಪ್ ಮತ್ತು ಸಿ ಪ್ಲಸ್ ಪ್ಲಸ್ ನಡುವೆಯೂ ಸಿ ಮೂಲಕ ದಾಟುವುದು ಅಂಕಿಗಳು, ಬೈಟ್‌ಗಳು, ವಿಳಾಸಗಳು ಅಷ್ಟೆ. ಅಕ್ಷರಗಳ ಪಾಡು ನೋಡಿ. ಡಾಟ್ ನೆಟ್ ಒಳಗೆ ನಮ್ಮ 'ಕ' ಎರಡು ಬೈಟ್, ಯುಟಿಎಫ್-8ರಲ್ಲಿ ಮೂರು. ಯಾವ ಸಂಕೇತ ಎಂದು ಹೇಳದೆ ಡಿಎಲ್‌ಎಲ್ ಇಂಪೋರ್ಟ್ ಮೂಲಕ ಸ್ಟ್ರಿಂಗ್ ದಾಟಿಸಿದರೆ ಅದು ವಿಂಡೋಸ್‌ನ ಹಳೆಯ ಆನ್ಸಿಗೆ ಇಳಿಯುತ್ತದೆ. ಆಗ ಕನ್ನಡವೂ ಮರಾಠಿಯೂ ಭೇದವಿಲ್ಲದೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುತ್ತವೆ. ಆದರೆ ಇಂಥದ್ದು ಕಣ್ಣಿಗೆ ಕಾಣುವ ತೊಂದರೆ, ಕಂಡ ದಿನವೇ ಸರಿಮಾಡಬಹುದು.

ಕಾಣದ ತೊಂದರೆಯೊಂದು ಚಾಕಣದಲ್ಲಿ ಒಬ್ಬ ಹುಡುಗನ ಕೆಲಸಕ್ಕೇ ಕುತ್ತು ತಂದಿತ್ತು. ಆರ್ಡರ್ ಹೆಚ್ಚಾಯಿತೆಂದು ಕಾರ್ಖಾನೆಯವರು ಒಂದು ಲೈನಿನಲ್ಲಿ ಮಾತ್ರ ಶನಿವಾರದ ರಾತ್ರಿ ಪಾಳಿ ಶುರುಮಾಡಿದ್ದರು. ಮೂರು ಶನಿವಾರ ನಡುರಾತ್ರಿ ಆ ಲೈನಿನ ಪ್ರೋಗ್ರಾಂ ಸತ್ತುಬಿದ್ದಿತು. ಲೆಕ್ಕ ತಪ್ಪಿದ ಭಾಗಗಳನ್ನೆಲ್ಲ ಮತ್ತೆ ಪರೀಕ್ಷಿಸಬೇಕಾಯಿತು. ಮೂರು ಸಲವೂ ಯಂತ್ರದ ಮುಂದಿದ್ದವನು ಒಬ್ಬನೇ, ವಿಜಯಪುರ ಜಿಲ್ಲೆಯ ಇಂಡಿ ಕಡೆಯ ಗುತ್ತಿಗೆ ಕೆಲಸಗಾರ. ಸೂಪರ್‌ವೈಸರ್ ಸಾಹೇಬರು "ಕಾಹೀತರೀ ದಾಬಲಂ ಅಸೇಲ್" ಎಂದರು, ಏನೋ ಒತ್ತಿರಬೇಕು ಅಂತ. ಎರಡು ಎಚ್ಚರಿಕೆ ಪತ್ರ ಆಗಿದ್ದವು, ಮೂರನೆಯದು ಬಂದರೆ ಗುತ್ತಿಗೆ ಮುಗಿದ ಹಾಗೆ. ನಮ್ಮ ಕಂಪನಿಯಲ್ಲೂ ಆ ವಾದ ಎಲ್ಲರಿಗೂ ಹಿತವಾಗಿತ್ತು. ಲಾಗ್ ಫೈಲಿನಲ್ಲಿ ದೋಷದ ಒಂದು ಸಾಲೂ ಇಲ್ಲವಲ್ಲ! ದೋಷ ಬರೆದಿಲ್ಲವೆಂದರೆ ದೋಷವಿಲ್ಲ, ಮನುಷ್ಯನೇ ಏನೋ ಮಾಡಿದ್ದಾನೆ.

ನನ್ನನ್ನು ಕಳಿಸಿದ್ದು ವರದಿಗೆ ಸಹಿ ಹಾಕಿ ಬರಲಿಕ್ಕೆ. ಕೋಡ್ ನಮ್ಮ ತಂಡದ್ದಲ್ಲ, ಹಿಂದಿನ ಗುತ್ತಿಗೆದಾರರಿಂದ ಬಳುವಳಿಯಾಗಿ ಬಂದದ್ದು. ಹುಡುಗ ಮೊದಲು ಮಾತೇ ಆಡಲಿಲ್ಲ. ಕನ್ನಡ ಕೇಳಿದ ಮೇಲೆ ಬಾಯಿಬಿಟ್ಟ. "ಸರ, ನಾ ಏನೂ ಮುಟ್ಟಿಲ್ರಿ. ಅಲ್ಲೇ ಕೂತಿದ್ನಿ. ನೋಡನೋಡತ ಸ್ಕ್ರೀನ್ ಹೋತ್ರಿ." ಆಮೇಲೆ ಜೇಬಿನಿಂದ ರಟ್ಟಿನ ಡಬ್ಬದ ಒಂದು ತುಂಡು ತೆಗೆದು ಕೊಟ್ಟ. ಮೂರೂ ಸಲ ಪರದೆ ಹೋದ ಹೊತ್ತನ್ನು ಬಾಲ್‌ಪೆನ್ನಿನಲ್ಲಿ ಬರೆದಿಟ್ಟಿದ್ದ: 2:52, 2:49, 2:55.

ಶನಿವಾರ ರಾತ್ರಿ ಎರಡೂವರೆಗೆ ಸರ್ವರನ್ನು ಬ್ಯಾಕಪ್‌ಗೆಂದು ನಿಲ್ಲಿಸುತ್ತಾರೆ, ಅದು ಮತ್ತೆ ಏಳುವುದು ಸುಮಾರು ಇಪ್ಪತ್ತು ನಿಮಿಷದ ಮೇಲೆ. ಪ್ರೋಗ್ರಾಂ ಸಾಯುತ್ತಿದ್ದದ್ದು ಸರ್ವರ್ ನಿಂತಾಗ ಅಲ್ಲ, ಎದ್ದಾಗ. ಅದು ಹೊಳೆದ ಮೇಲೆ ನಾನು ಸಹಿ ಹಾಕಲಿಲ್ಲ.

ಇಲ್ಲಿ ಸ್ವಲ್ಪ ಒಳಗಿನ ವಿಷಯ ಹೇಳಬೇಕು. ಡಾಟ್ ನೆಟ್‌ನಲ್ಲಿ ನೆನಪಿನ ಕಸ ಗುಡಿಸಲು ಒಬ್ಬ ಆಳಿದ್ದಾನೆ, ಗಾರ್ಬೇಜ್ ಕಲೆಕ್ಟರ್. ಆಗಾಗ ಮನೆಯೆಲ್ಲ ತಿರುಗಿ "ಇದು ಯಾರಿಗಾದರೂ ಬೇಕೇ?" ಎಂದು ವಿಚಾರಿಸುತ್ತಾನೆ. ಯಾರೂ ಹಿಡಿದುಕೊಂಡಿಲ್ಲದ್ದನ್ನು ಎತ್ತಿ ಎಸೆಯುತ್ತಾನೆ. ಸಿ ಪ್ಲಸ್ ಪ್ಲಸ್ ಕಡೆ ಅಂಥ ಆಳಿಲ್ಲ. ತನ್ನ ತಟ್ಟೆ ತಾನೇ ತೊಳೆಯಬೇಕು. ಹಾಗಾಗಿ ಗಡಿಯಲ್ಲಿ ಏಳುವ ದೊಡ್ಡ ಪ್ರಶ್ನೆಯೆಂದರೆ, ದಾಟಿಸಿದ ಸಾಮಾನನ್ನು ಕೊನೆಗೆ ಬಿಡುಗಡೆ ಮಾಡುವವರು ಯಾರು?

ಝೀರೋ ಎಂಕ್ಯೂ ಇದಕ್ಕೊಂದು ಏರ್ಪಾಡು ಮಾಡಿದೆ. ಸಂದೇಶವನ್ನು ನಕಲು ಮಾಡದೆ, ನಮ್ಮ ನೆನಪಿನ ಜಾಗವನ್ನೇ ಅದರ ಕೈಗೆ ಕೊಡಬಹುದು. ಜೊತೆಗೆ "ಕೆಲಸ ಮುಗಿದ ಮೇಲೆ ಈ ವಿಳಾಸಕ್ಕೆ ಹೇಳಿಕಳಿಸು, ನಾನು ಖಾಲಿಮಾಡುತ್ತೇನೆ" ಎಂದು ಒಂದು ಫಂಕ್ಷನ್ನಿನ ವಿಳಾಸ ಕೊಡಬೇಕು. ಸಿ ಶಾರ್ಪ್‌ನಿಂದ ಕೊಡುವಾಗ ಆ ವಿಳಾಸದ ಹಿಂದಿರುವುದು ಡೆಲಿಗೇಟ್ ಎಂಬ ವಸ್ತು. ನಮ್ಮ ಕೋಡ್ ಪ್ರತಿ ಸಂದೇಶಕ್ಕೂ ಹೊಸ ಡೆಲಿಗೇಟ್ ಮಾಡಿ, ವಿಳಾಸವನ್ನು ಆಚೆ ಕೊಟ್ಟು, ಈಚೆ ಅದನ್ನು ಎಲ್ಲೂ ಇಟ್ಟುಕೊಳ್ಳದೆ ಮರೆತುಬಿಡುತ್ತಿತ್ತು. ಗುಡಿಸುವ ಆಳು ಈ ಮನೆಯವರನ್ನಷ್ಟೇ ಕೇಳಬಲ್ಲ. ವಿಳಾಸದ ಚೀಟಿ ಗಡಿಯಾಚೆಯವರ ಜೇಬಿನಲ್ಲಿರುವುದು ಅವನಿಗೆ ಹೇಗೆ ತಿಳಿಯಬೇಕು?

ವಾರದ ಉಳಿದ ದಿನ ಇದರಿಂದ ಏನೂ ಆಗುತ್ತಿರಲಿಲ್ಲ. ಸರ್ವರ್ ಎದ್ದಿದ್ದರೆ ಸಂದೇಶ ಕ್ಷಣದಲ್ಲಿ ಹೊರಟು, ಆಳು ಬರುವ ಮೊದಲೇ ಕರೆ ಬಂದು ಮುಗಿದಿರುತ್ತಿತ್ತು. ಸರ್ವರ್ ಮಲಗಿದಾಗ ಮಾತ್ರ ಸಂದೇಶಗಳು ಸರದಿಯಲ್ಲಿ ಕಾಯುತ್ತವೆ. ಎಂಟು ಸೆಕೆಂಡಿಗೆ ಒಂದರಂತೆ ಇಪ್ಪತ್ತು ನಿಮಿಷಕ್ಕೆ ನೂರೈವತ್ತು. ಲೈಬ್ರರಿಯ ಸರದಿಯಲ್ಲಿ ತಾನಾಗಿಯೇ ಸಾವಿರಕ್ಕೆ ಜಾಗವಿರುವುದರಿಂದ ಯಾರೂ ದೂರು ಹೇಳುವುದಿಲ್ಲ. ಅಷ್ಟರಲ್ಲಿ ಆಳು ಬಂದು ಡೆಲಿಗೇಟ್‌ಗಳನ್ನು ಗುಡಿಸಿ ಹೋಗಿರುತ್ತಾನೆ. ಸರ್ವರ್ ಏಳುತ್ತದೆ, ಸಂದೇಶಗಳು ಹೊರಡುತ್ತವೆ, ಲೈಬ್ರರಿ ಕೊಟ್ಟ ಮಾತಿನಂತೆ ಆ ವಿಳಾಸದ ಬಾಗಿಲು ತಟ್ಟುತ್ತದೆ. ಅಲ್ಲಿ ಮನೆಯೇ ಇಲ್ಲ. ಬೇರೆ ಲೈನುಗಳು ಶನಿವಾರ ರಾತ್ರಿ ಓಡದ ಕಾರಣ ಅವುಗಳ ಸರದಿಯಲ್ಲಿ ಸಂದೇಶವೇ ಇರಲಿಲ್ಲ. ಸಾಯುವ ಪಾಳಿ ಈ ಹುಡುಗನ ಲೈನಿಗೇ ಬಂತು.

ಲಾಗ್ ಖಾಲಿ ಇದ್ದದ್ದೂ ಇದೇ ಕಾರಣಕ್ಕೆ. ನೆನಪಿನ ಗಡಿ ಮುರಿದಾಗ ಏಳುವ ಆಕ್ಸೆಸ್ ವಯೊಲೇಶನ್‌ನಂಥ ದೋಷವನ್ನು ಡಾಟ್ ನೆಟ್ 4ರಿಂದೀಚೆಗೆ ಮಾಮೂಲಿ ಕ್ಯಾಚ್‌ಗೆ ಕೊಡುವುದಿಲ್ಲ. ಒಳಗೆ ಎಲ್ಲ ಕಲಸಿಹೋಗಿರುವಾಗ ಮುಂದುವರಿಯುವುದು ಅಪಾಯ ಎಂದು ಪ್ರೋಗ್ರಾಮನ್ನೇ ಮುಗಿಸುತ್ತದೆ. ನಿರ್ಧಾರ ಸರಿಯಾದದ್ದೇ. ಆದರೆ ಹೇಳದೆ ಕೇಳದೆ ಸತ್ತ ಪ್ರೋಗ್ರಾಮಿನ ಪಕ್ಕದಲ್ಲಿ ಕೂತವನ ಪರವಾಗಿ ಸಾಕ್ಷಿ ಹೇಳುವವರು ಯಾರೂ ಉಳಿಯುವುದಿಲ್ಲ. ಈವೆಂಟ್ ವ್ಯೂವರ್‌ನಲ್ಲಿ ಒಂದು ಗುರುತು ಬಿದ್ದಿತ್ತು, ಅದನ್ನು ತೆಗೆದು ನೋಡುವ ಅಭ್ಯಾಸ ಕಾರ್ಖಾನೆಯಲ್ಲಿ ಯಾರಿಗಿರುತ್ತದೆ?

ಆಫೀಸಿಗೆ ಬಂದು ನನ್ನ ಮೇಜಿನ ಮೇಲೇ ಮಾಡಿನೋಡಿದೆ. ಸರ್ವರ್ ನಿಲ್ಲಿಸಿ, ಒಂದಿಷ್ಟು ಸಂದೇಶ ಕಳಿಸಿ, ಆಳನ್ನು ಬಲವಂತವಾಗಿ ಕರೆದು ಗುಡಿಸಿಸಿ, ಸರ್ವರ್ ಎಬ್ಬಿಸಿದೆ. ಪ್ರೋಗ್ರಾಂ ಅಲ್ಲೇ ಬಿತ್ತು. ಡೀಬಗ್ಗರ್‌ನಲ್ಲಿ ಇದಕ್ಕೆಂದೇ ಒಂದು ಎಚ್ಚರಿಕೆ ಇದೆ, ಹೆಸರು 'ಕಾಲ್‌ಬ್ಯಾಕ್ ಆನ್ ಕಲೆಕ್ಟೆಡ್ ಡೆಲಿಗೇಟ್'. ಹೆಸರಿಡುವಷ್ಟು ಹಳೆಯ ಕಾಯಿಲೆ ಎಂದಾಯಿತು. ಪರಿಹಾರ ಒಂದು ಸಾಲು: ಡೆಲಿಗೇಟ್ ಒಂದನ್ನೇ ಮಾಡಿ ಸ್ಟ್ಯಾಟಿಕ್ ಫೀಲ್ಡಿನಲ್ಲಿ ಕಟ್ಟಿಹಾಕುವುದು. ಆಳು ಕೇಳಿದಾಗಲೆಲ್ಲ "ಇದು ನಮಗೆ ಬೇಕು" ಎನ್ನಲು ಮನೆಯಲ್ಲಿ ಒಬ್ಬರು ಇದ್ದಂತಾಯಿತು.

ವರದಿಯ ಮೊದಲ ಸಾಲಿನಲ್ಲೇ, ಆಪರೇಟರ್ ಬರೆದಿಟ್ಟ ಹೊತ್ತಿನಿಂದ ಕಾರಣ ಸಿಕ್ಕಿತು ಎಂದು ಹಾಕಿದೆ. ಮೇಲಿನವರೊಬ್ಬರು "ಅದು ತಾಂತ್ರಿಕ ವರದಿಗೆ ಬೇಕೇ?" ಎಂದರು. ಬೇಕು ಎಂದೆ. ಎಚ್ಚರಿಕೆ ಪತ್ರಗಳನ್ನು ಕಾರ್ಖಾನೆಯವರು ವಾಪಸು ಪಡೆದರು. ಕ್ಷಮೆಯನ್ನೇನೂ ಯಾರೂ ಕೇಳಲಿಲ್ಲ. ಹುಡುಗ ಫೋನ್ ಮಾಡಿ, "ಸರ, ಶನಿವಾರದ ಪಾಳಿ ಮಾತ್ರ ತಪ್ಪಲಿಲ್ರಿ" ಎಂದು ನಕ್ಕ.

ಲೈಬ್ರರಿಯನ್ನೇ ಬಿಟ್ಟು ನೆಟ್‌ಎಂಕ್ಯೂಗೆ ಹೋಗೋಣ ಎಂಬ ಮಾತು ಆಮೇಲೆ ಬಂತು. ಅದು ಪೂರ್ತಿ ಸಿ ಶಾರ್ಪ್‌ನಲ್ಲೇ ಮತ್ತೆ ಬರೆದ ಝೀರೋ ಎಂಕ್ಯೂ. ಎರಡೂ ತಂತಿಯ ಮೇಲೆ ಆಡುವ ಭಾಷೆ ಒಂದೇ, ಒಳಗೆ ಗಡಿಯೇ ಇಲ್ಲ. ಹೊಸ ಕೆಲಸವಾದರೆ ನಾನೂ ಅದನ್ನೇ ಆರಿಸುತ್ತೇನೆ. ಓಡುತ್ತಿರುವ ಲೈನಿನ ಹೊಟ್ಟೆ ಕುಯ್ಯಲು ಮಾತ್ರ ನನಗೆ ಮನಸ್ಸಾಗಲಿಲ್ಲ.

ಹಾಗಾಗಿ ಆ ಒಂದು ಸಾಲು ಇನ್ನೂ ಅಲ್ಲೇ ಇದೆ. ನೋಡಿದವರಿಗೆ ಅದು ದಂಡದ ಸಾಲು ಅನಿಸುತ್ತದೆ. ಲೋಕಲ್ ವೇರಿಯಬಲ್ ಸಾಕಿತ್ತಲ್ಲ, ಸ್ಟ್ಯಾಟಿಕ್ ಯಾಕೆ ಎಂದು ಹೊಸದಾಗಿ ಸೇರಿದ ಅಚ್ಚುಕಟ್ಟಿನ ಮಕ್ಕಳು ಈಗಾಗಲೇ ಎರಡು ಸಲ ತೆಗೆಯಹೋಗಿದ್ದರು. ಈಗ ಅದರ ತಲೆಯ ಮೇಲೆ ಆರು ಸಾಲಿನ ಕಾಮೆಂಟ್ ಕೂರಿಸಿದ್ದೇನೆ. ಕೊನೆಯ ಸಾಲು ಹೀಗಿದೆ: ಅಳಿಸುವ ಮುನ್ನ ಶನಿವಾರ ರಾತ್ರಿ ಚಾಕಣಕ್ಕೆ ಹೋಗಿ ಬನ್ನಿ.