ಮೈಲಿಗಲ್ಲಿಲ್ಲದ ದಾರಿ

ಸಮುದ್ರದಿಂದ ಬಹುದೂರದಲ್ಲಿರುವ ಶಾಲೆಯೊಂದರ ಸ್ಮರಣ ಸಂಚಿಕೆಯಲ್ಲಿ ಹಡಗಿನ ವೇಗವನ್ನು ಕುರಿತ ಲೇಖನವನ್ನು ಕಂಡು ವಾಚಕರು ಹುಬ್ಬೇರಿಸಿದರೆ ಅದು ಸಹಜವೇ. ಔರಾದ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಹುಟ್ಟಿ, ಭಾಲ್ಕಿಯ ಪ್ರಸಾದ ನಿಲಯದಲ್ಲಿ ಉಂಡು ಓದಿ, ಮುಂದೆ ಮೂವತ್ತು ವರ್ಷಕ್ಕೂ ಮಿಕ್ಕಿ ವ್ಯಾಪಾರಿ ಹಡಗುಗಳಲ್ಲಿ ದುಡಿದವನು ನಾನು. ಊರಿಗೆ ಬಂದಾಗಲೆಲ್ಲ ಹಿರಿಯರಿಂದ ಹಿಡಿದು ಮಕ್ಕಳವರೆಗೆ ಎಲ್ಲರೂ ಕೇಳುತ್ತಿದ್ದ ಪ್ರಶ್ನೆ ಒಂದೇ: ರಸ್ತೆಯ ಬದಿಗೆ ಕಲ್ಲು ನೆಟ್ಟಿರುತ್ತಾರೆ, ಬಸ್ಸಿನ ಗಾಲಿ ನೆಲವನ್ನು ಮುಟ್ಟಿ ಉರುಳುತ್ತದೆ, ನೀರಿನ ಮೇಲೆ ಏನನ್ನು ನೋಡಿ ವೇಗ ಹೇಳುತ್ತೀರಿ? ಸಂಪಾದಕ ಮಂಡಲಿಯವರು ಲೇಖನ ಬೇಕೆಂದಾಗ ಈ ಪ್ರಶ್ನೆಗೇ ಉತ್ತರ ಬರೆಯೋಣವೆನಿಸಿತು.

ಬೀದರಕ್ಕೂ ಸಮುದ್ರಕ್ಕೂ ಸಂಬಂಧವೇ ಇಲ್ಲವೆಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ಬೀದರ ನಗರದಲ್ಲಿ 1472ರಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗಾವಾನ್ ಕ್ಯಾಸ್ಪಿಯನ್ ತೀರದ ಗೀಲಾನಿನವನು. ಹಡಗೇರಿ ದಾಭೋಳ ಬಂದರಿಗೆ ಬಂದಿಳಿದ ವರ್ತಕ. ರಷ್ಯಾದ ಅಫನಾಸಿ ನಿಕಿತಿನ್ ಹೊರ್ಮುಜ್‌ನಿಂದ ಒಂದು ಕುದುರೆಯ ಸಮೇತ ಚೌಲ್ ಬಂದರಿಗೆ ಬಂದು, ಅಲ್ಲಿಂದ ಬೀದರವನ್ನು ಸೇರಿದನು. ಅಂಥವರನ್ನು ಹೊತ್ತು ತರುತ್ತಿದ್ದ ಅರಬ್ಬೀ ನಾವಿಕರು ದಾರಿಯನ್ನು ಮೈಲಿಗಳಲ್ಲಿ ಎಣಿಸದೆ 'ಜಾಮ್' ಎಂಬ ಮೂರು ಗಂಟೆಯ ಪಯಣದ ಲೆಕ್ಕದಲ್ಲಿ ಎಣಿಸುತ್ತಿದ್ದರು. ನಮ್ಮ 'ಜಾವ'ವೂ ಮೂರು ಗಂಟೆಯದೇ ಎಂಬುದನ್ನು ವಾಚಕರು ಗಮನಿಸಬೇಕು.

ವೇಗವನ್ನೇ ನೇರವಾಗಿ ಅಳೆಯುವ ಉಪಾಯ ಯುರೋಪಿನ ಪುಸ್ತಕಗಳಲ್ಲಿ ಕಾಣಿಸಿಕೊಂಡದ್ದು 1574ರಲ್ಲಿ, ಇಂಗ್ಲೆಂಡಿನ ವಿಲಿಯಂ ಬೋರ್ನ್ ಬರೆದ ನೌಕಾಶಾಸ್ತ್ರದ ಗ್ರಂಥದಲ್ಲಿ. ಉಪಾಯ ಅತಿ ಸರಳ. ಒಂದು ಮರದ ತುಂಡನ್ನು ಹಗ್ಗಕ್ಕೆ ಕಟ್ಟಿ ಹಡಗಿನ ಹಿಂದಕ್ಕೆ ಎಸೆಯುವುದು. ಮರದ ತುಂಡು ನೀರನ್ನು ಕಚ್ಚಿಕೊಂಡು ನಿಲ್ಲುತ್ತದೆ, ಹಡಗು ಮುಂದೆ ಹೋಗುತ್ತದೆ, ಹಗ್ಗ ರಾಟೆಯಿಂದ ಬಿಚ್ಚಿಕೊಳ್ಳುತ್ತದೆ. ಕ್ರಮೇಣ ಆ ತುಂಡಿನ ಬದಲು ಕಾಲು ವೃತ್ತದಾಕಾರದ ಹಲಗೆ ಬಂತು. ಅದು ನೆಟ್ಟಗೆ ನಿಲ್ಲಲೆಂದು ದುಂಡಗಿನ ಅಂಚಿಗೆ ಸೀಸ ಕೂಡಿಸಿದರು. ಹಗ್ಗದಲ್ಲಿ ಸಮ ಅಂತರಕ್ಕೆ ಗಂಟುಗಳು. ಒಬ್ಬನ ಕೈಯಲ್ಲಿ 28 ಸೆಕೆಂಡಿನ ಮರಳು ಗಡಿಯಾರ. ಮರಳು ಮುಗಿಯುವುದರೊಳಗೆ ಎಷ್ಟು ಗಂಟು ಕೈದಾಟಿ ಹೋದವೋ ಹಡಗಿನ ವೇಗ ಅಷ್ಟು. ಗಂಟಿಗೆ ಇಂಗ್ಲಿಷಿನಲ್ಲಿ ನಾಟ್ ಎನ್ನುತ್ತಾರಾದ್ದರಿಂದ ವೇಗದ ಮಾನಕ್ಕೂ ಅದೇ ಹೆಸರು ನಿಂತಿತು. ಪತ್ರಿಕೆಗಳವರು 'ಗಂಟೆಗೆ ಹತ್ತು ನಾಟ್' ಎಂದು ಬರೆಯುವುದುಂಟು. ಗಂಟೆ ಅದರೊಳಗೇ ಅಡಗಿದೆ, ಮತ್ತೊಮ್ಮೆ ಹೇಳಬೇಕಾದ್ದಿಲ್ಲ.

ಗಂಟುಗಳ ನಡುವಿನ ಅಂತರ ಎಷ್ಟಿರಬೇಕು? ಸಮುದ್ರದ ಮೈಲಿ 1852 ಮೀಟರಿನದು. ಅದನ್ನು 28ರಿಂದ ಗುಣಿಸಿ 3600ರಿಂದ ಭಾಗಿಸಿದರೆ ಸುಮಾರು 14.4 ಮೀಟರ್, ಎಂದರೆ 47 ಅಡಿ 3 ಅಂಗುಲ ಬರುತ್ತದೆ. ನಮ್ಮ ರೈತರ ಲೆಕ್ಕದಲ್ಲಿ ಎಂಟು ಮಾರಿಗೆ ತುಸು ಕಡಿಮೆ. ಬಾವಿಯ ಹಗ್ಗವನ್ನು ಎರಡೂ ಕೈ ಚಾಚಿ ಮಾರು ಹಾಕಿ ಅಳೆಯುವುದನ್ನು ಕಂಡವನಾದ್ದರಿಂದ, ನಾವಿಕರೂ ಸಮುದ್ರದ ಆಳವನ್ನು ಅದೇ ಮಾರಿನಿಂದಲೇ ಅಳೆಯುತ್ತಿದ್ದರೆಂದು ತಿಳಿದ ದಿನ ನನಗೆ ನನ್ನ ಮನೆಯ ಬಾವಿಕಟ್ಟೆ ಕಣ್ಮುಂದೆ ಬಂದಿತ್ತು.

ಆ ಮರದ ತುಂಡಿನ ಹೆಸರು ಲಾಗ್. ಅದು ಹೇಳಿದ ಅಂಕಿಗಳನ್ನು ಬರೆದಿಡುವ ಪುಸ್ತಕ ಲಾಗ್ ಬುಕ್. ಇಂದು ಬೀದರದ ಸರಕಾರಿ ಜೀಪಿನ ಚಾಲಕರೂ ಲಾಗ್ ಬುಕ್ಕು ತುಂಬುತ್ತಾರೆ. ನೀರಿಗೆ ಎಸೆದ ಕಟ್ಟಿಗೆ ಎಷ್ಟು ದೂರ ತೇಲಿ ಬಂದಿದೆ ನೋಡಿ!

ನಾನು ಕೆಲಸಕ್ಕೆ ಸೇರಿದ ಕಾಲಕ್ಕೆ ಹಗ್ಗದ ಗಂಟೆಣಿಸುವ ಪದ್ಧತಿ ಎಂದೋ ಹೋಗಿತ್ತು. ಹಳೆಯ ಹಡಗುಗಳಲ್ಲಿ ಹಿಂಬದಿಯ ಕಟಕಟೆಗೆ ಗಡಿಯಾರದಂಥ ಮುಖವುಳ್ಳ ಯಂತ್ರವಿರುತ್ತಿತ್ತು. ಅದರಿಂದ ಉದ್ದನೆಯ ಹಗ್ಗ, ಹಗ್ಗದ ತುದಿಗೆ ರೆಕ್ಕೆಗಳುಳ್ಳ ತಿರುಗಣೆ. ಅದು ನೀರಿನಲ್ಲಿ ತಿರುಗಿದಷ್ಟೂ ಮುಳ್ಳು ಮುಂದಕ್ಕೆ ಸರಿಯುತ್ತಿತ್ತು. ಪಾಚಿ ಸುತ್ತಿಕೊಂಡರೆ ಸುಳ್ಳು ಹೇಳುತ್ತಿತ್ತು.

ಆದರೆ ಈ ಯಾವ ಸಾಧನವೂ ಹೇಳದ ಸಂಗತಿಯೊಂದಿದೆ. ಲಾಗ್ ಹೇಳುವುದು ಹಡಗು ನೀರನ್ನು ಸೀಳಿ ಎಷ್ಟು ನಡೆಯಿತೆಂಬುದನ್ನು. ಆ ನೀರು ತಾನೇ ಎತ್ತ ನಡೆದಿದೆ ಎಂಬುದು ಅದಕ್ಕೆ ತಿಳಿಯದು.

1983ರ ಮಳೆಗಾಲ. ನಮ್ಮ ಹಡಗು ಪರ್ಷಿಯಾ ಕೊಲ್ಲಿಯಿಂದ ಮುಂಬಯಿಗೆ ಬರುತ್ತಿತ್ತು. ತಂದೆಯವರಿಗೆ ಪ್ರಾಣಕ್ಕೆ ಅಪಾಯವೆಂಬ ತಂತಿ ರೇಡಿಯೋ ಮೂಲಕ ಬಂದು ನನ್ನ ಜೇಬಿನಲ್ಲಿತ್ತು. ಮೂರು ದಿನ ಸೂರ್ಯನಿಲ್ಲ, ನಕ್ಷತ್ರವಿಲ್ಲ. ಲಾಗ್ ಒಂದೇ ಗತಿ. ವೇಗ 12 ನಾಟ್. ಅದನ್ನು ನಕ್ಷೆಯ ಮೇಲೆ ಗುರುತಿಸುವುದು ನನ್ನ ಪಾಳಿಯ ಕೆಲಸ. ಕಪ್ತಾನರು ಬಂದು, ನನ್ನ ಗುರುತಿನ ಮುಂದೆ, ಆಗ್ನೇಯ ದಿಕ್ಕಿಗೆ, ಪೆನ್ಸಿಲ್ಲಿನಿಂದ ಮತ್ತೊಂದು ಗುರುತು ಹಾಕುತ್ತಿದ್ದರು. ನೈಋತ್ಯ ಮಾನ್ಸೂನಿನಲ್ಲಿ ಅರಬ್ಬೀ ಸಮುದ್ರದ ನೀರು ಪೂರ್ವಕ್ಕೆ ಸರಿಯುತ್ತದೆ. ನಮ್ಮ ಪಶ್ಚಿಮ ಕರಾವಳಿಯ ಸಮೀಪ ದಕ್ಷಿಣಕ್ಕೆ ತಿರುಗುತ್ತದೆ. ಲಾಗ್ ಹೇಳಿದ್ದಕ್ಕಿಂತ ನಾವು ದಡಕ್ಕೆ ಹತ್ತಿರವಿದ್ದೇವೆಂದು ಅವರ ಅಂದಾಜು. ಅದನ್ನು ಕೇಳಿ ನನ್ನ ಜೀವಕ್ಕೆ ಹಿತವಾಯಿತು. ಆದರೆ ಅವರು ಮರುಕ್ಷಣವೇ ಯಂತ್ರದ ವೇಗವನ್ನು ತಗ್ಗಿಸಲು ಆಜ್ಞೆ ಮಾಡಿದರು. ಕಾಣದ ದಡ ಹತ್ತಿರವಿದ್ದರೆ ನಿಧಾನವಾಗಿಯೇ ಹೋಗಬೇಕಲ್ಲವೆ! ಆ ರಾತ್ರಿಯ ಒಂದೊಂದು ತಾಸೂ ನನಗೆ ಯುಗವಾಯಿತು. ನಸುಕಿನಲ್ಲಿ ಪ್ರಾಂಗ್ಸ್ ದೀಪಸ್ತಂಭದ ಬೆಳಕು ಕಂಡಾಗ, ಹಡಗು ಲಾಗಿನ ಗುರುತಿಗಿಂತ ಇಪ್ಪತ್ತು ಮೈಲಿಗೂ ಹೆಚ್ಚು ಮುಂದಿತ್ತು.

ರೈಲು ಹಿಡಿದು ಭಾಲ್ಕಿಗೆ ಬಂದೆ. ಔರಾದದ ಕಡೆಗೆ ಹೋಗಬೇಕಾದರೆ ಮಾಂಜ್ರಾ ದಾಟಲೇಬೇಕು. ಬೀಡ ಜಿಲ್ಲೆಯ ಬಾಲಾಘಾಟದ ಬೆಟ್ಟಗಳಲ್ಲಿ ಹುಟ್ಟಿ ಬರುವ ಈ ಹೊಳೆ ಬೇಸಗೆಯಲ್ಲಿ ಮೊಣಕಾಲಷ್ಟೂ ಇರುವುದಿಲ್ಲ. ಅಂದು ಸೇತುವೆಯ ಮೇಲೆ ಹರಿಯುತ್ತಿತ್ತು. ಬಸ್ಸು ಈಚೆಯ ದಂಡೆಯಲ್ಲೇ ನಿಂತಿತ್ತು. ಅಂಬಿಗನನ್ನು ಬೇಡಿಕೊಂಡೆ. ಅವನು ಉತ್ತರ ಕೊಡಲಿಲ್ಲ. ಒಂದು ಜೋಳದ ದಂಟನ್ನು ಮುರಿದು ನೀರಿಗೆ ಎಸೆದು, ಕೆಳಗಿನ ಬೇವಿನ ಗಿಡದವರೆಗೆ ಅದು ಹೋಗುವುದನ್ನು ತುಟಿಯಲ್ಲೇ ಎಣಿಸುತ್ತ ನೋಡಿದನು.

"ಈಗ ಬ್ಯಾಡ್ರಿ. ಹೊತ್ತು ಇಳಿಯೂದ್ರಾಗ ನೀರಿನ ಜೋರು ತಗ್ಗತದ," ಎಂದನು.

ಮೂರು ಸಲ ದಂಟು ಎಸೆದ ಮೇಲೆ ಅವನಿಗೆ ಒಪ್ಪಿಗೆಯಾಯಿತು. ಆಗಲೂ ನೇರ ಬಿಡಲಿಲ್ಲ. ದೋಣಿಯನ್ನು ದಂಡೆಗುಂಟ ಎರಡು ಫರ್ಲಾಂಗು ಮೇಲಕ್ಕೆ ಎಳೆಸಿ, ಅಲ್ಲಿಂದ ಹುಟ್ಟು ಹಾಕಿದನು. ದೋಣಿಯ ಮೂತಿ ಎದುರು ದಂಡೆಗೆ ನೆಟ್ಟಗಿತ್ತು, ಹೊಳೆ ಮಾತ್ರ ನಮ್ಮನ್ನು ಕೆಳಗೆ ಒಯ್ಯುತ್ತಿತ್ತು. ಮುಟ್ಟಿದ್ದು ಸರಿಯಾಗಿ ಆಚೆಯ ಕಾಲುದಾರಿಯ ಬುಡಕ್ಕೆ. ಕಪ್ತಾನರ ಪೆನ್ಸಿಲ್ ಗುರುತನ್ನು ಅಂಬಿಗನು ನೀರಿನ ಮೇಲೆಯೇ ಹಾಕಿದ್ದನು.

ತಂದೆಯವರಿಗೆ ಎಚ್ಚರವಿತ್ತು. ಹಡಗು ಎಷ್ಟು ಜೋರಾಗಿ ಓಡುತ್ತದೆಂದು ಕೇಳಿದರು. 12 ನಾಟ್ ಎಂದರೆ ಗಂಟೆಗೆ 22 ಕಿಲೋಮೀಟರು, ಗಟ್ಟಿಗನು ತುಳಿದ ಸೈಕಲ್ಲಿನಷ್ಟು ಎಂದೆ. "ಅಷ್ಟೇ ಏನೋ?" ಎಂದು ನಕ್ಕರು. ಆಮೇಲೆ ಎಂಟು ತಿಂಗಳು ಬದುಕಿದ್ದರು.

ಈಚಿನ ಸಾಧನಗಳ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. ಫ್ರಾನ್ಸಿನ ಹೆನ್ರಿ ಪಿಟೋ 1732ರಲ್ಲಿ ಬಾಗಿದ ಕೊಳವೆಯೊಂದನ್ನು ಸೇನ್ ನದಿಯಲ್ಲಿ ಪ್ರವಾಹಕ್ಕೆ ಎದುರಾಗಿ ಹಿಡಿದು, ಕೊಳವೆಯೊಳಗೆ ನೀರೇರಿದ ಎತ್ತರದಿಂದ ವೇಗವನ್ನು ಕಂಡನು. ಹಡಗಿನ ತಳದಲ್ಲಿ ಇದೇ ತತ್ವದ ಕೊಳವೆಯನ್ನು ಅಳವಡಿಸಿದರು. ಬೀದರದ ವಾಯುಪಡೆ ನೆಲೆಯಿಂದ ಹಾರುವ ತರಬೇತಿ ವಿಮಾನಗಳೂ ಗಾಳಿಯಲ್ಲಿನ ತಮ್ಮ ವೇಗವನ್ನು ತಿಳಿಯುವುದು ಪಿಟೋ ಕೊಳವೆಯಿಂದಲೇ. ಫ್ಯಾರಡೆ 1832ರಲ್ಲಿ ಲಂಡನ್ನಿನ ವಾಟರ್ಲೂ ಸೇತುವೆಯ ಬಳಿ ಥೇಮ್ಸ್ ನದಿಯೊಳಗೆ ತಂತಿ ಇಳಿಬಿಟ್ಟು, ಭೂಮಿಯ ಕಾಂತಶಕ್ತಿಯಲ್ಲಿ ಹರಿಯುವ ನೀರಿನಿಂದ ವಿದ್ಯುತ್ತು ಹುಟ್ಟುವುದನ್ನು ಅಳೆಯಲು ಯತ್ನಿಸಿ ವಿಫಲನಾದನು. ಅದೇ ತತ್ವದ ವಿದ್ಯುತ್ಕಾಂತೀಯ ಲಾಗ್ ಇಂದು ಹಡಗುಗಳಲ್ಲಿ ಸಾಮಾನ್ಯ.

ಉಪಗ್ರಹವೇ ವೇಗ ಹೇಳುವಾಗ ಲಾಗ್ ಏಕೆ ಎಂದು ಹಳೆಯ ವಿದ್ಯಾರ್ಥಿ ಮಿತ್ರರೊಬ್ಬರು ಕೇಳಿದರು. ಉಪಗ್ರಹ ಹೇಳುವುದು ನೆಲದ ಲೆಕ್ಕ. ಎದುರಿಗೆ ಬರುವ ಹಡಗೂ ನಮ್ಮದೂ ಒಂದೇ ನೀರಿನಲ್ಲಿ ಸರಿಯುತ್ತಿರುವಾಗ, ಅದರ ಮುಖ ಎತ್ತ ಇದೆ, ಹಾದಿ ಬಿಡಬೇಕಾದವರು ಯಾರು ಎಂಬುದನ್ನು ನೀರಿನ ಲೆಕ್ಕದಿಂದ ತೀರ್ಮಾನಿಸುವುದೇ ಕ್ಷೇಮ. ತಳಕ್ಕೆ ಪಾಚಿ ಹಿಡಿದು ಹಡಗು ಮಂದವಾದುದನ್ನು ತಿಳಿಸುವುದೂ ಆ ಲೆಕ್ಕವೇ. ಅಂತರರಾಷ್ಟ್ರೀಯ ನಿಯಮದಂತೆ 300 ಟನ್ ಮತ್ತು ಅದಕ್ಕೆ ಮೇಲ್ಪಟ್ಟ ಹಡಗುಗಳಲ್ಲಿ ನೀರಿನಲ್ಲಿನ ವೇಗವನ್ನು ಅಳೆಯುವ ಸಾಧನ ಇಂದಿಗೂ ಕಡ್ಡಾಯ.

ಕಳೆದ ಚಳಿಗಾಲದಲ್ಲಿ ವಿಜ್ಞಾನದ ಶಿಕ್ಷಕರೊಡನೆ ಕೆಲವು ಮಕ್ಕಳು ಮಾಂಜ್ರಾದ ದಂಡೆಗೆ ಬಂದಿದ್ದರು. ದಂಡೆಯ ಮೇಲೆ 30 ಮೀಟರು ಅಳೆದು ಎರಡು ಗೂಟ ನೆಟ್ಟೆವು. ಜೋಳದ ದಂಟನ್ನು ಮೇಲಿನ ಗೂಟದ ನೇರಕ್ಕೆ ಎಸೆದೆವು. ಮೊದಲ ದಂಟು ಜೊಂಡಿನಲ್ಲಿ ಸಿಕ್ಕಿತು. ಆಮೇಲೆ ನಡುಹೊಳೆಯಲ್ಲಿ 40 ಸೆಕೆಂಡು, ದಂಡೆಯ ಬಳಿ 65 ಸೆಕೆಂಡು. ನಡುವೆ ಸುಮಾರು ಒಂದೂವರೆ ನಾಟ್, ದಂಡೆಯಲ್ಲಿ ಒಂದಕ್ಕೂ ಕಡಿಮೆ. ಔರಾದದ ಒಬ್ಬ ಹುಡುಗಿ ಎರಡೂ ಅಂಕಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕೇಳಿದಳು: "ಅಜ್ಜಾ, ಹಂಗಾದ್ರ ದೋಣಿ ಮ್ಯಾಲಕ್ಕ ಒಯ್ಯೋರು ದಂಡಿ ಹಿಡಿದೇ ಒಯ್ಬೇಕಲ್ರಿ?"