ಹರದನಹಳ್ಳಿಯ ಮಾತು, ತಂಬೂರಿಯ ಧಾಟಿ

ಮೈಸೂರಿನಿಂದ ನಂಜನಗೂಡು ಹಾದು ಬರುವ ರೈಲು ಚಾಮರಾಜನಗರಕ್ಕೆ ಬಂದು ನಿಂತುಬಿಡುತ್ತದೆ. ಅಲ್ಲಿಂದಾಚೆಗೆ ಹಳಿ ಇಲ್ಲ. ಪೂರ್ವಕ್ಕೆ ಬಿಳಿಗಿರಿರಂಗನ ಬೆಟ್ಟದ ಸಾಲು, ತೆಂಕಲಿಗೆ ತಮಿಳುನಾಡಿನ ಗಡಿ. ಅರಿಕುಠಾರ ಎಂದಿದ್ದ ಈ ಊರಿಗೆ ತಮ್ಮ ತಂದೆ ಹುಟ್ಟಿದ ಸ್ಥಳವೆಂಬ ಅಭಿಮಾನದಿಂದ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಚಾಮರಾಜನಗರ ಎಂದು ಹೆಸರಿಟ್ಟರು. ಅಲ್ಲಿಂದ ಐದಾರು ಕಿಲೋಮೀಟರ್ ಹೋದರೆ ಹರದನಹಳ್ಳಿ. ಇಂದು ಅದೊಂದು ಹೋಬಳಿ ಕೇಂದ್ರ. ಅರಿಸಿನ, ಬಾಳೆಯ ತೋಟಗಳ ಸೀಮೆ. ಊರಲ್ಲಿ ದಿವ್ಯಲಿಂಗೇಶ್ವರನ ಹಳೆಯ ಕಲ್ಲಿನ ಗುಡಿ.

ಗುಡಿ ನೋಡಿ ಹಿಂತಿರುಗುವ ಪ್ರವಾಸಿಗೆ ಈ ಊರಿನ ಇನ್ನೊಂದು ಹಿರಿಮೆ ಕಣ್ಣಿಗೆ ಬೀಳದೆ ಹೋಗಬಹುದು. ವಿಜಯನಗರದ ಕಾಲದ ದೊಡ್ಡ ವಚನಕಾರ ತೋಂಟದ ಸಿದ್ಧಲಿಂಗ ಯತಿಗಳು ಹುಟ್ಟಿದ್ದು ಇಲ್ಲಿ. ಇಲ್ಲಿನ ಗೋಸಲ ಚನ್ನಬಸವೇಶ್ವರರು ಅವರ ಗುರುಗಳು. ಮುಂದೆ ಸಿದ್ಧಲಿಂಗರು ನಾಡೆಲ್ಲ ಸಂಚರಿಸಿ, ಕಗ್ಗೆರೆಯ ತೋಟದಲ್ಲಿ ತಪಸ್ಸು ಮಾಡಿ, ಕುಣಿಗಲ್ ಸೀಮೆಯ ಎಡೆಯೂರಿನಲ್ಲಿ ನೆಲೆಯಾದರು. ಅವರ ಏಳುನೂರಕ್ಕೂ ಹೆಚ್ಚು ವಚನಗಳು 'ಷಟ್‌ಸ್ಥಲ ಜ್ಞಾನಸಾರಾಮೃತ'ವಾಗಿ ಉಳಿದಿವೆ.

ಉಳಿದದ್ದು ಹೇಗೆ? ಓಲೆಗರಿಯ ಮೇಲೆ. ಲಿಪಿಕಾರರು ಅಕ್ಷರ ಕೊರೆದರು, ಮಠಗಳು ಕಟ್ಟುಗಳನ್ನು ಕಾಪಾಡಿದವು, ಫ.ಗು. ಹಳಕಟ್ಟಿಯವರಂಥವರು ವಚನಗಳ ಪ್ರತಿಗಳನ್ನು ಹುಡುಕಿ ಅಚ್ಚು ಹಾಕಿಸಿದರು. ಮಾತು ನಮ್ಮ ತನಕ ಬಂತು. ಆದರೆ ಆ ಗರಿಗಳಲ್ಲಿ ದನಿ ಇರಲಿಲ್ಲ. ಇಂದು ರೇಡಿಯೊದಲ್ಲಿ ಕೇಳುವ ವಚನಗಾಯನದ ರಾಗಗಳು ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಮೊದಲಾದ 20ನೇ ಶತಮಾನದ ಗಾಯಕರ ಕಾಲದವು. ಮಾತು ಹಳೆಯದು, ಧಾಟಿ ಹೊಸದು.

ಇದೇ ಸೀಮೆಯಲ್ಲಿ ಇದಕ್ಕೆ ತಿರುಗುಮುರುಗಾದ ಪರಂಪರೆಯೊಂದಿದೆ. ಮಂಟೇಸ್ವಾಮಿ, ಸಿದ್ದಪ್ಪಾಜಿಯರ ಕಥೆ ಹಾಡುವ ನೀಲಗಾರರು ತಂಬೂರಿ ಮೀಟುತ್ತ, ಗಗ್ಗರ ನುಡಿಸುತ್ತ ರಾತ್ರಿಯಿಡೀ ಹಾಡುತ್ತಾರೆ. ಮಲೆಯ ಮಾದೇಶ್ವರನ ದೇವರಗುಡ್ಡರ ಕೈಯಲ್ಲಿ ಕಂಸಾಳೆ. ಇವರ ಕಾವ್ಯ ಪುಸ್ತಕ ಸೇರಿದ್ದು ತೀರ ಇತ್ತೀಚೆಗೆ. ಅದಕ್ಕೆ ಮೊದಲು ತಲೆಮಾರುಗಳ ಉದ್ದಕ್ಕೂ ಮಾತು, ಧಾಟಿ ಎರಡೂ ಬಾಯಿಂದ ಬಾಯಿಗೆ, ಕಿವಿಯಿಂದ ಕಿವಿಗೆ ಬಂದಿವೆ. ಹಾಡುವವರ ಮಗ ಹಾಡು ಬಿಟ್ಟರೆ ಮಾತು ಪುಸ್ತಕದಲ್ಲಿ ಸಿಕ್ಕೀತು. ಧಾಟಿ ಮಾತ್ರ ಅಲ್ಲಿಗೆ ಮುಗಿಯಿತು.

ಈಗ ಹೊಸ ಓಲೆಗರಿಯೊಂದು ಬಂದಿದೆ. ಪಟ್ಟಣದ ಮನೆಗಳಲ್ಲಿ ಮಕ್ಕಳು ಕಂಪ್ಯೂಟರಿನಲ್ಲಿ ಸ್ವರ ಜೋಡಿಸಿ, ಅದನ್ನು ವರ್ಕ್‌ಸ್ಟೇಷನ್ ಎಂಬ ದೊಡ್ಡ ಕೀಬೋರ್ಡಿಗೆ ಕಳಿಸಿ ನುಡಿಸುತ್ತಾರೆ. ನೂರಾರು ವಾದ್ಯಗಳ ದನಿ, ತಾಳ, ಧ್ವನಿಮುದ್ರಣ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿರುವ ಯಂತ್ರ ಅದು. ಊರ ಜಾತ್ರೆಯಲ್ಲಿ ಕೇಳಿದ ಪದವನ್ನು ಅದರಲ್ಲಿ ನುಡಿಸಬೇಕೆಂಬ ಆಸೆ ಮಗುವಿಗೆ ಬಂದರೆ ಸಂತೋಷವೇ. ಆದರೆ ಆ ತಂತಿಯಲ್ಲಿ ಏನು ದಾಟುತ್ತದೆ, ಏನು ದಾಟುವುದಿಲ್ಲ ಎಂಬುದನ್ನು ಮೊದಲು ತಿಳಿಯಬೇಕು.

ಕಂಪ್ಯೂಟರಿನಿಂದ ಕೀಬೋರ್ಡಿಗೆ ಹೋಗುವ ಭಾಷೆಗೆ ಮಿಡಿ ಎಂದು ಹೆಸರು. ಬೇರೆ ಬೇರೆ ಕಂಪನಿಗಳ ವಾದ್ಯಗಳು ಪರಸ್ಪರ ಮಾತಾಡಲೆಂದು 1983ರಲ್ಲಿ ಇದು ಬಳಕೆಗೆ ಬಂತು. ಟೇಪಿನಲ್ಲಿ ದನಿಯೇ ಇರುತ್ತದೆ. ಮಿಡಿಯಲ್ಲಿ ದನಿ ಇಲ್ಲ, ಬರಿಯ ಆಜ್ಞೆ ಇದೆ. 'ಇಂಥ ಸಂಖ್ಯೆಯ ಮನೆಯನ್ನು ಇಷ್ಟು ಬಲವಾಗಿ ಒತ್ತು', 'ಈಗ ಬಿಡು' — ಇಷ್ಟೇ. ಮನೆಗಳಿಗೆ 0ರಿಂದ 127ರ ತನಕ ಸಂಖ್ಯೆ. ಹಾರ್ಮೋನಿಯಂನವರು 'ಬಿಳಿ ಒಂದು' ಎನ್ನುವ ಸ್ವರ ನಡುಸ್ಥಾಯಿಯಲ್ಲಿ 60.

ಅದನ್ನು ಷಡ್ಜ ಮಾಡಿಕೊಂಡರೆ ಸ-ಗ-ಪ ಎಂಬ ಸ್ವರಗುಚ್ಛ, ಅಂದರೆ ಪಾಶ್ಚಾತ್ಯರ ಮೇಜರ್ ಕಾರ್ಡ್, 60, 64, 67 ಆಗುತ್ತದೆ. ಸರಳೆ ವರಸೆಯಲ್ಲಿ ಮಕ್ಕಳು ಕಲಿಯುವ ಮಾಯಾಮಾಳವಗೌಳ 60, 61, 64, 65, 67, 68, 71, 72. ಶ್ರುತಿಯನ್ನು 'ಬಿಳಿ ಎರಡ'ಕ್ಕೆ ಏರಿಸಬೇಕೆ? ಎಲ್ಲಕ್ಕೂ ಎರಡು ಕೂಡಿಸಿದರಾಯಿತು. ಸಂಖ್ಯೆಗಳ ನಡುವಿನ ಅಂತರ ಬದಲಾಗದು, ರಾಗವೂ ಬದಲಾಗದು. ಇಷ್ಟು ಮಟ್ಟಿಗೆ ಮಿಡಿ ನಂಬಿಕಸ್ತ ಲಿಪಿಕಾರ. ಹಳೆಯ ಮಿಡಿ ತಂತಿಯಲ್ಲಿ ಸೆಕೆಂಡಿಗೆ 31,250 ಬಿಟ್‌ಗಳು ಸಾಗುತ್ತವೆ. ಒಂದು ಸ್ವರದ ಆಜ್ಞೆಗೆ ಸುಮಾರು ಒಂದು ಮಿಲಿಸೆಕೆಂಡ್ ಸಾಕು. ಕಾರ್ಡಿನ ಮೂರು ಸ್ವರಗಳು ಒಂದರ ಹಿಂದೊಂದು ಹೋದರೂ ಕಿವಿಗೆ ಒಟ್ಟಿಗೇ ಕೇಳಿಸುವುದು ಇದರಿಂದ.

ತೊಡಕು ಇರುವುದು ಎರಡು ಮನೆಗಳ ನಡುವೆ. ಕೀಬೋರ್ಡು ಒಂದು ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿದೆ. ಪ್ರತಿ ಪಾಲಿಗೂ 100 ಸೆಂಟ್ ಎಂಬ ಅಳತೆ. ಆ ಲೆಕ್ಕದಲ್ಲಿ ಅಂತರ ಗಾಂಧಾರ 400. ಆದರೆ ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯ ಮಂದ್ರ ತಂತಿಯಲ್ಲಿ ತಾನಾಗಿ ಹೊಮ್ಮುವ ಗಾಂಧಾರ 386ರ ಹತ್ತಿರ ಇರುತ್ತದೆ. ತಂತಿಯ ಐದನೆಯ ಅನುಸ್ವರ ಅದು. ಭೌತಶಾಸ್ತ್ರದ ಪ್ರಯೋಗಾಲಯದ ಸೋನೋಮೀಟರಿನಲ್ಲಿ ವಿದ್ಯಾರ್ಥಿಗಳು ಇಂಥ ಕಂಪನಗಳನ್ನೇ ಅಳೆಯುವುದು. 14 ಸೆಂಟ್ ಸಣ್ಣದೆನಿಸಬಹುದು; ತಂಬೂರಿಯ ಜೊತೆಗೆ ಕೀಬೋರ್ಡ್ ನುಡಿಸಿದಾಗ ಕಿವಿ ಅದನ್ನು ಕ್ಷಮಿಸುವುದಿಲ್ಲ. ಅನೇಕ ವರ್ಕ್‌ಸ್ಟೇಷನ್‌ಗಳಲ್ಲಿ ಹನ್ನೆರಡು ಸ್ವರಗಳನ್ನೂ ಬೇಕಾದಷ್ಟು ಸೆಂಟ್ ಏರಿಳಿಸುವ ಸೌಲಭ್ಯವಿದೆ. ಆದರೆ ಸಾಮಾನ್ಯವಾಗಿ ಕಂಪ್ಯೂಟರು ಕಳಿಸುವ ಕಡತದಲ್ಲಿ ಆ ತಿದ್ದುಪಡಿ ಇರುವುದಿಲ್ಲ. ಅಲ್ಲಿ ಬರೆದಿರುವುದು ಬರಿಯ 64. ಅದನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನು ಆಯಾ ಯಂತ್ರದಲ್ಲಿ ನಾವೇ ಹೊಂದಿಸಬೇಕು.

ಗಮಕದ ಪಾಡು ಇನ್ನೂ ಸೂಕ್ಷ್ಮ. ಸ್ವರವನ್ನು ಜಾರಿಸಲು ಮಿಡಿಯಲ್ಲಿ 16,384 ಮೆಟ್ಟಿಲುಗಳಿವೆ, ಕಡಿಮೆಯೇನಲ್ಲ. ಆದರೆ ಆ ಮೆಟ್ಟಿಲುಗಳು ಒಟ್ಟು ಎಷ್ಟು ಎತ್ತರಕ್ಕೆ ಏರುತ್ತವೆ ಎಂಬುದು ಎರಡೂ ಕಡೆ ಒಂದೇ ಆಗಿರಬೇಕು. ಕಂಪ್ಯೂಟರಿನಲ್ಲಿ ಎರಡು ಮನೆಯ ಅಳತೆ, ಕೀಬೋರ್ಡಿನಲ್ಲಿ ಹನ್ನೆರಡು ಮನೆಯ ಅಳತೆ ಇದ್ದರೆ, ನಯವಾದ ಜಾರು ಒಂದಿಡೀ ಸ್ಥಾಯಿಯ ನೆಗೆತವಾಗಿ ಕಿರುಚುತ್ತದೆ. ಲಯಕ್ಕೂ ಇಂಥದೇ ಅಪಾಯ. ಸ್ವರಗಳನ್ನು ಗೆರೆಗೆ ತಂದು ಕೂರಿಸುವ ಗುಂಡಿ ಒತ್ತಿದರೆ, ಕಂಸಾಳೆಯವನು ಬೇಕೆಂದೇ ಕೂದಲೆಳೆಯಷ್ಟು ಮುಂದೆ ಹೊಡೆದ ಪೆಟ್ಟು 'ತಪ್ಪು' ಎಂದು ತಿದ್ದಲ್ಪಡುತ್ತದೆ. ಯಂತ್ರಕ್ಕೆ ಅದು ತಪ್ಪು. ಹಾಡಿಗೆ ಅದೇ ಜೀವ.

ಹಾಗೆಂದು ಯಂತ್ರವನ್ನು ದೂರವಿಡಬೇಕಿಲ್ಲ. ಗಮಕ ನುಡಿಯದು, ನಮ್ಮ ಶ್ರುತಿಗೆ ಹೊಂದದು ಎಂಬ ವಾದಗಳ ನಡುವೆ ಆಕಾಶವಾಣಿ 1940ರಿಂದ 1971ರ ತನಕ ಹಾರ್ಮೋನಿಯಂಗೆ ಬಾಗಿಲು ಮುಚ್ಚಿತ್ತು. ಅದೇ ಹಾರ್ಮೋನಿಯಂ ನಮ್ಮ ಕಂಪನಿ ನಾಟಕಗಳನ್ನು ಹೊತ್ತು ಊರೂರು ತಿರುಗಿತು. ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತರು. ಅದೂ ಕೀಲಿಗಳ ವಾದ್ಯವೇ. ಕರ್ನಾಟಕ ಸಂಗೀತದ ಗಮಕಗಳಿಗೆ ಅದನ್ನು ಒಗ್ಗಿಸಲು ಅವರು ವರ್ಷಗಟ್ಟಲೆ ಶ್ರಮಿಸಿದರು, ವಾದ್ಯವನ್ನೇ ಮಾರ್ಪಡಿಸಿಕೊಂಡರು. 1994ರಲ್ಲಿ ಲಂಡನ್ನಿನ ಪ್ರಸಿದ್ಧ ಬಿಬಿಸಿ ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದರು. ಅವರು ಮೊದಲು ಕಿವಿಯಲ್ಲಿ ರಾಗ ತುಂಬಿಕೊಂಡಿದ್ದರು. ವಾದ್ಯ ಆಮೇಲೆ ಅವರ ಮಾತು ಕೇಳಿತು.

ಕೀಬೋರ್ಡ್ ಕೊಡಿಸಿದ ತಂದೆತಾಯಿಯರು ಗಮನಿಸಬೇಕಾದದ್ದು ಈ ಕ್ರಮವನ್ನು. ಹರದನಹಳ್ಳಿಗೆ ಮಕ್ಕಳನ್ನು ಕರೆತರುವವರು ಗುಡಿ, ಮಠ ನೋಡಿದ ಮೇಲೆ, ಬನದ ಹುಣ್ಣಿಮೆಯ ಹೊತ್ತಿಗೆ ಇದೇ ಜಿಲ್ಲೆಯ ಚಿಕ್ಕಲ್ಲೂರು ಜಾತ್ರೆಗೂ ಹೋಗಿಬರಬಹುದು. ಹಿರಿಯ ಹಾಡುಗಾರರ ಎದುರು ಕುಳಿತು, 'ತಾತ, ಇದೊಂದ್ ಸಾಲ ಇನ್ನೊಂದ್ ಸಲ ಹೇಳ್ಕೊಡಿ' ಎಂದು ಕೇಳುವುದು ಮಕ್ಕಳಿಗೆ ಕಷ್ಟವಲ್ಲ. ಅವರ ಒಪ್ಪಿಗೆ ಪಡೆದು ಮೊಬೈಲಿನಲ್ಲಿ ದನಿ ಹಿಡಿಯಬೇಕು. ಆಮೇಲೆ ಮನೆಯಲ್ಲಿ ಸ್ವರ ಬರೆದು ಮಿಡಿ ಕಡತ ಮಾಡಬೇಕು. ಕಡತದ ಜೊತೆಗೆ ಆ ದನಿಯನ್ನೂ, ಹಾಡಿದವರ ಶ್ರುತಿ ಯಾವುದು, ಜಾರಿಕೆಯ ಅಳತೆ ಎಷ್ಟು, ಯಾವ ಸ್ವರವನ್ನು ಎಷ್ಟು ಸೆಂಟ್ ಇಳಿಸಿದ್ದೆವು ಎಂಬ ಚೀಟಿಯನ್ನೂ ಸೇರಿಸಿ ಇಡಬೇಕು. ಕಡತವೊಂದನ್ನೇ ಇಟ್ಟರೆ ಅದು ಮತ್ತೊಂದು ಓಲೆಗರಿ.

ಸಿದ್ಧಲಿಂಗರ ಕಾಲದ ಲಿಪಿಕಾರರಿಗೆ ದನಿ ಹಿಡಿಯುವ ಉಪಾಯ ಇರಲಿಲ್ಲ. ಕೈಲಿದ್ದ ಕಂಠದಿಂದ ಅವರು ಮಾತನ್ನು ಉಳಿಸಿಕೊಟ್ಟರು. ಇಂದಿನ ಮಕ್ಕಳ ಕೈಲಿ ಎರಡೂ ಉಪಾಯಗಳಿವೆ, ಹಾಡುವ ತಾತಂದಿರೂ ಇನ್ನೂ ಇದ್ದಾರೆ.