ಮೇಷ್ಟರು ಮತ್ತು ಮೇಸ್ತ್ರಿ

ನಮ್ಮ ಬೀದಿಯಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿಲ್ಲ. ‘ಮೇಷ್ಟರು’ ಎಂದರೆ ನಾನು. ಎದುರಿನ ನಿವೇಶನದಲ್ಲಿ ಮೂರಂತಸ್ತಿನ ಮನೆ ಏಳತೊಡಗಿದಾಗ ಅಲ್ಲಿಗೆ ಬಂದ ಕೆಲಸದವರ ಮುಂದಾಳಿನ ಹೆಸರೂ ಯಾರಿಗೂ ತಿಳಿಯಲಿಲ್ಲ, ಅವನು ‘ಮೇಸ್ತ್ರಿ’. ಅವನನ್ನು ಕರೆದರೆ ನಾನು ತಿರುಗಿ ನೋಡುವುದು, ನನ್ನನ್ನು ಕರೆದರೆ ಅವನು ‘ಏನ್ ಸ್ವಾಮಿ?’ ಎನ್ನುವುದು, ಹೀಗೆ ನಮ್ಮ ಪರಿಚಯವಾಯಿತು.

ಕನ್ನಡ ಪಾಠ ಹೇಳುವವನಿಗೆ ಶಬ್ದಗಳ ಬೆನ್ನು ಹತ್ತುವುದು ಒಂದು ಚಟ. ‘ಮೇಷ್ಟರು’ ಬಂದದ್ದು ಇಂಗ್ಲಿಷಿನ ‘ಮಾಸ್ಟರ್’ನಿಂದ, ‘ಮೇಸ್ತ್ರಿ’ ಬಂದದ್ದು ಪೋರ್ಚುಗೀಸರ ‘ಮೆಸ್ತ್ರೆ’ಯಿಂದ. ಎರಡಕ್ಕೂ ಮೂಲ ಲ್ಯಾಟಿನ್ನಿನ ‘ಮಾಗಿಸ್ತೆರ್’. ಅಂದರೆ ನಾವಿಬ್ಬರೂ ಒಂದೇ ಅಜ್ಜಿಯ ಮೊಮ್ಮಕ್ಕಳು. ಒಬ್ಬ ಇಂಗ್ಲಿಷರ ಹಡಗಿನಲ್ಲಿ ಬಂದ, ಇನ್ನೊಬ್ಬ ಪೋರ್ಚುಗೀಸರ ಹಡಗಿನಲ್ಲಿ. ಇಲ್ಲಿ ಇಳಿದ ಮೇಲೆ ಒಬ್ಬನಿಗೆ ಕುರ್ಚಿ ಸಿಕ್ಕಿತು, ಇನ್ನೊಬ್ಬನಿಗೆ ಸಾರುವೆ. ಅಂದಿನಿಂದ ದಾಯಾದಿಗಳು ಮುಖ ನೋಡಿಕೊಂಡಂತಿಲ್ಲ. ‘ಓದದಿದ್ದರೆ ಗಾರೆ ಕೆಲಸಕ್ಕೆ ಹೋಗಬೇಕಾಗುತ್ತದೆ, ನೋಡು!’ ಎಂದು ಮಕ್ಕಳನ್ನು ಗದರದ ಮನೆ ನಮ್ಮ ಕಡೆ ಎಷ್ಟಿವೆ? ಗದರುವಾಗ ನಾವು ಒರಗಿಕೊಂಡಿರುವ ಗೋಡೆಯನ್ನು ಕಟ್ಟಿದವನು ಯಾರು ಎಂಬುದನ್ನು ಮಾತ್ರ ನೆನೆಯುವುದಿಲ್ಲ.

ಈ ನೆಂಟಸ್ತಿಕೆಯನ್ನು ನನಗೆ ಮತ್ತೆ ನೆನಪಿಗೆ ತಂದವನು ನನ್ನ ಬಿ.ಎ. ತರಗತಿಯ ಒಬ್ಬ ಹುಡುಗ. ಹಿಂದಿನ ಬೆಂಚು. ವಾರಕ್ಕೆ ಮೂರು ದಿನ ಬರುತ್ತಿದ್ದ, ಮೂರು ದಿನ ಬರುತ್ತಿರಲಿಲ್ಲ. ಬಂದ ದಿನ ಕಣ್ಣು ಮಿಟುಕಿಸದೆ ಪಾಠ ಕೇಳುತ್ತಿದ್ದುದರಿಂದ ಸೋಮಾರಿ ಎನ್ನುವಂತಿರಲಿಲ್ಲ. ಒಂದು ಬುಧವಾರ ಕಾಲೇಜಿಗೆ ಹೊರಟಿದ್ದಾಗ ಎದುರು ಮನೆಯ ಎರಡನೆಯ ಅಂತಸ್ತಿನಿಂದ ‘ನಮಸ್ಕಾರ ಸಾರ್’ ಎಂಬ ದನಿ ಕೇಳಿತು. ತಲೆಯೆತ್ತಿದರೆ ಅವನೇ! ಕೈಯಲ್ಲಿ ಕರಣೆ, ತಲೆಗೆ ಟವೆಲ್ಲು. ಹಾಜರಿ ಪುಸ್ತಕ ನನ್ನ ಚೀಲದಲ್ಲಿತ್ತು.

ಅವನ ತಂದೆ ರಾಯಚೂರು ಕಡೆಯಿಂದ ಬಂದ ಗಾರೆಯವರು. ನೂಲು ಹಿಡಿದು ಎಬ್ಬಿಸಿದ ಗೋಡೆ ಕೂದಲೆಳೆಯಷ್ಟೂ ವಾಲುತ್ತಿರಲಿಲ್ಲವಂತೆ. ಒಂದು ದಿನ ಸಾರುವೆ ಜಾರಿ ಬಿದ್ದು ಬೆನ್ನು ಮುರಿದುಕೊಂಡರು. ಈಗ ಮನೆಯಲ್ಲೇ ಇದ್ದಾರೆ. ತಾಯಿ ಇಟ್ಟಿಗೆ ಹೊರುತ್ತಾರೆ. ಮಗ ಅರ್ಧ ವಾರ ಗಾರೆಯವನು, ಅರ್ಧ ವಾರ ವಿದ್ಯಾರ್ಥಿ.

ಕೆಲವು ದಿನಗಳ ಮೇಲೆ ಅವನು ಎರಡು ಕಾಗದ ಹಿಡಿದು ನನ್ನ ಕೋಣೆಗೆ ಬಂದ. ಒಂದು ಪರೀಕ್ಷೆಯ ಅರ್ಜಿ. ಅದಕ್ಕೆ ನೂರಕ್ಕೆ ಎಪ್ಪತ್ತೈದರಷ್ಟು ಹಾಜರಿ ಬೇಕು. ಇನ್ನೊಂದು, ಸರಕಾರದ ಹಣದಿಂದ ನಡೆಯುವ ಕಟ್ಟಡ ಕೆಲಸದ ತರಬೇತಿಗೆ ಅರ್ಜಿ. ಅದಕ್ಕೆ ಕೆಲವು ವಾರ ಬೆಳಗಿನಿಂದ ಸಂಜೆಯವರೆಗೆ ಹೋಗಬೇಕು. ‘ಸಾರ್, ಇದಕ್ಕೆ ಹೋದರೆ ಅದು ಹೋಗುತ್ತದೆ, ಅದಕ್ಕೆ ಕೂತರೆ ಇದು ಹೋಗುತ್ತದೆ. ಎರಡಕ್ಕೂ ಹೋದರೆ ಕೂಲಿ ಹೋಗುತ್ತದೆ’ ಎಂದ. ಮೂರು ಸಾಲುಗಳಲ್ಲಿ ಒಂದು ಸಂಸಾರದ ಆಯವ್ಯಯ ಪತ್ರವನ್ನೇ ಮಂಡಿಸಿಬಿಟ್ಟ.

‘ನಿನಗೆ ಕೆಲಸ ಬರುತ್ತದಲ್ಲ, ತರಬೇತಿ ಏಕೆ?’ ಎಂದು ಕೇಳಿದೆ.

‘ಅಪ್ಪನಿಗೆ ಗೋಡೆ ಎಬ್ಬಿಸುವುದು ಬರುತ್ತಿತ್ತು ಸಾರ್, ನಕ್ಷೆ ಓದುವುದು ಬರುತ್ತಿರಲಿಲ್ಲ. ನಕ್ಷೆ ಓದುವವನು ಕೆಳಗೆ ನಿಂತಿರುತ್ತಾನೆ. ಓದಲು ಬಾರದವನು ಮೇಲೆ ನಿಂತಿರುತ್ತಾನೆ.’

ಮೇಲೆ ನಿಂತವರು ಬೀಳುತ್ತಾರೆ ಎಂಬುದನ್ನು ಅವನು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಇಂಥ ಹುಡುಗರಿಗಾಗಿ ಸರಕಾರ ಹಣ ಇಟ್ಟಿಲ್ಲವೆಂದರೆ ಸುಳ್ಳಾದೀತು. ಕುಶಲಕರ್ಮಿಗಳ ತರಬೇತಿ ಯೋಜನೆ ಆರಂಭವಾದದ್ದು 1950ರಲ್ಲಿ. ಅಪ್ರೆಂಟಿಸ್ ಕಾನೂನು 1961ರದು. 2015ರಿಂದ ಪ್ರಧಾನ ಮಂತ್ರಿಗಳ ಹೆಸರಿನ ಕೌಶಲ ಯೋಜನೆ ನಡೆದಿದೆ. ಮೊದಲೇ ಕೆಲಸ ಬಲ್ಲವನನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಏರ್ಪಾಡೂ ಅದರಲ್ಲಿದೆ. ಗ್ರಾಮೀಣ ವಸತಿ ಯೋಜನೆಯಲ್ಲಿ 45 ದಿನಗಳ ಗಾರೆ ತರಬೇತಿಯೊಂದನ್ನು ರೂಪಿಸಿದ್ದಾರೆ. ಕಲಿಯುವವರು ಸುಮ್ಮನೆ ಗೋಡೆ ಕಟ್ಟಿ ಕೆಡವುವುದಿಲ್ಲ. ಬಡವರೊಬ್ಬರ ನಿಜವಾದ ಮನೆಯನ್ನೇ ಕಟ್ಟುತ್ತ ಕಲಿಯುತ್ತಾರೆ. ಜಾರ್ಖಂಡದಲ್ಲಿ ಹೆಂಗಸರೂ ಕರಣೆ ಹಿಡಿದು ‘ರಾಣಿ ಮಿಸ್ತ್ರಿ’ಗಳಾದರು. ನಮ್ಮಲ್ಲಿ ಇಟ್ಟಿಗೆ ಹೊರುವ ತಾಯಂದಿರು ಹೊರುತ್ತಲೇ ಮುದುಕಿಯರಾಗುತ್ತಾರೆ. ಕರಣೆ ಅವರ ಕೈಗೆ ಬರುವುದು ಅಪರೂಪ.

ಇವೆಲ್ಲಕ್ಕಿಂತ ದೊಡ್ಡ ಥೈಲಿ ಇನ್ನೊಂದಿದೆ. 1996ರಲ್ಲಿ ಸಂಸತ್ತು ಕಟ್ಟಡ ಕಾರ್ಮಿಕರಿಗಾಗಿ ಎರಡು ಕಾನೂನುಗಳನ್ನು ಮಾಡಿತು. ಕಟ್ಟಡದ ವೆಚ್ಚದಲ್ಲಿ ನೂರಕ್ಕೆ ಒಂದರಿಂದ ಎರಡರವರೆಗೆ ಸೆಸ್ಸು ವಸೂಲು ಮಾಡಿ ಕಾರ್ಮಿಕರ ಕಲ್ಯಾಣಕ್ಕೆ ವಿನಿಯೋಗಿಸಬೇಕೆಂದು ನಿಯಮ. ಸಣ್ಣ ಸ್ವಂತ ಮನೆಗಳಿಗೆ ವಿನಾಯಿತಿ. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ಸೆಸ್ಸು ಉಳಿದಿದೆ. ಆ ಹಣದಿಂದ ಕಾರ್ಮಿಕರ ಮಕ್ಕಳ ಓದಿಗೆ ಸಹಾಯಧನ ಕೊಡಬಹುದು, ತರಬೇತಿ ಕೊಡಬಹುದು. ಆದರೆ 2018ರ ಮಾರ್ಚಿಯಲ್ಲಿ ಸುಪ್ರೀಂ ಕೋರ್ಟು ಲೆಕ್ಕ ನೋಡಿದಾಗ ದೇಶದಲ್ಲೆಲ್ಲ ವಸೂಲಾದದ್ದು 37,400 ಕೋಟಿ ರೂಪಾಯಿಗೂ ಹೆಚ್ಚು, ಖರ್ಚಾದದ್ದು ಸುಮಾರು 9,500 ಕೋಟಿ! ಅದರ ಹಿಂದಿನ ವರ್ಷ ಇದೇ ಹಣದಿಂದ ಲ್ಯಾಪ್‌ಟಾಪು, ವಾಷಿಂಗ್ ಮೆಷಿನ್ನು ಕೊಂಡ ಸಂಗತಿ ನ್ಯಾಯಾಲಯದಲ್ಲಿ ಹೊರಬಿದ್ದಿತ್ತು. ಮಣ್ಣು ಮೆತ್ತಿದ ಬಟ್ಟೆ ಒಗೆಯಲು ಯಂತ್ರ ಬೇಕೆಂದು ಯಾರಿಗೋ ಕನಿಕರ ಹುಟ್ಟಿತೆಂದು ತೋರುತ್ತದೆ; ಆ ಯಂತ್ರವನ್ನು ಇಡಲು ಕೂಲಿಯವನ ತಗಡಿನ ಶೆಡ್ಡಿನಲ್ಲಿ ಸ್ಥಳವಿದೆಯೇ ಎಂದು ಮಾತ್ರ ಕೇಳಲಿಲ್ಲ.

ಇನ್ನು ನಮ್ಮ ರಾಜ್ಯದ ಯುವನಿಧಿ. 2024ರ ಜನವರಿಯಲ್ಲಿ ಆರಂಭವಾಯಿತು. ಕೆಲಸ ಸಿಗದ ಪದವೀಧರನಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಪಡೆದವನಿಗೆ 1,500. ಹೆಚ್ಚೆಂದರೆ ಎರಡು ವರ್ಷ. ಸಹಾಯವನ್ನು ಹಳಿಯುವವನು ನಾನಲ್ಲ. ಆ ಹಣದಿಂದ ಬಸ್ಸು ಹತ್ತಿ ಸಂದರ್ಶನಕ್ಕೆ ಹೋದವರನ್ನು ಬಲ್ಲೆ. ಆದರೆ ಈ ಗಣಿತವನ್ನು ನೋಡಿ: ಇಬ್ಬರಿಗೂ ಕೆಲಸವಿಲ್ಲ, ಇಬ್ಬರಿಗೂ ಹಸಿವು ಅಷ್ಟೇ, ಆದರೂ ಪುಸ್ತಕ ಓದಿದವನ ಹಸಿವು ಉಪಕರಣ ಹಿಡಿದವನ ಹಸಿವಿಗಿಂತ ಎರಡರಷ್ಟು. ದಾಯಾದಿಗಳ ಹಳೆಯ ಪಾಲುಪಟ್ಟಿ ಸರಕಾರದ ಕಡತಕ್ಕೂ ಹೋಗಿ ಸೇರಿದೆ.

ಹಣ ಎಷ್ಟು ಎಂಬುದಕ್ಕಿಂತ ಅದು ಬೇರೆ ಬೇರೆ ಜೇಬುಗಳಲ್ಲಿದೆ ಎಂಬುದೇ ನನಗೆ ಕಾಣುವ ತೊಡಕು. ಓದಿಗೆ ಒಂದು ಜೇಬು, ತರಬೇತಿಗೆ ಒಂದು, ಹೊಟ್ಟೆಗೆ ಇನ್ನೊಂದು. ಮೂರಕ್ಕೂ ಬಾಯಿ ಬೇರೆ, ಗುಂಡಿ ಬೇರೆ. ಆದರೆ ಹುಡುಗ ಒಬ್ಬನೇ.

ಇವನ್ನು ಒಂದೇ ಜೇಬಿಗೆ ಹಾಕಿದವರೂ ಇದ್ದಾರೆ. ನ್ಯೂಯಾರ್ಕಿನ ಈಸ್ಟ್ ಹಾರ್ಲೆಮ್ ಎಂಬ ಬಡವರ ಬಡಾವಣೆಯಲ್ಲಿ 1978ರಲ್ಲಿ ಡೊರೊತಿ ಸ್ಟೋನ್‌ಮನ್ ಎಂಬ ಉಪಾಧ್ಯಾಯಿನಿ ಶಾಲೆ ಬಿಟ್ಟ ತರುಣರನ್ನು ಕೂಡಿಸಿ ಪಾಳುಬಿದ್ದ ಕಟ್ಟಡವೊಂದನ್ನು ದುರಸ್ತಿ ಮಾಡಿಸತೊಡಗಿದರು. ಅದು ‘ಯೂತ್‌ಬಿಲ್ಡ್’ ಎಂಬ ಹೆಸರಿನಿಂದ ಬೆಳೆಯಿತು. ಹದಿನಾರರಿಂದ ಇಪ್ಪತ್ತನಾಲ್ಕು ವಯಸ್ಸಿನವರು ಅರ್ಧ ಕಾಲ ತರಗತಿಯಲ್ಲಿ ಕುಳಿತು ಶಾಲೆಯ ಪರೀಕ್ಷೆಗೆ ಓದುವುದು, ಅರ್ಧ ಕಾಲ ಬಡವರಿಗೆ ಮನೆ ಕಟ್ಟುತ್ತ ಕೆಲಸ ಕಲಿಯುವುದು, ಕಲಿಯುವಾಗಲೇ ಕೈಗೆ ಒಂದಷ್ಟು ಹಣ. 1992ರಲ್ಲಿ ಅಲ್ಲಿನ ಕೇಂದ್ರ ಸರಕಾರ ಅದಕ್ಕೆ ಕಾನೂನು ಮಾಡಿ ಹಣ ಒದಗಿಸಿತು. 2006ರಲ್ಲಿ ಅದು ಕಾರ್ಮಿಕ ಇಲಾಖೆಯ ಕೈಗೆ ಬಂತು. ನನ್ನ ಹಿಂದಿನ ಬೆಂಚಿನ ಹುಡುಗ ಯಾರ ಹಣವೂ ಇಲ್ಲದೆ ನಡೆಸುತ್ತಿದ್ದುದು ಇದನ್ನೇ. ಅಲ್ಲಿ ಅದಕ್ಕೆ ಯೋಜನೆ ಎಂದು ಹೆಸರು. ಇಲ್ಲಿ ಹಾಜರಿ ಕೊರತೆ ಎಂದು.

ನಮ್ಮಲ್ಲೂ ಬಾಗಿಲು ಪೂರ್ತಿ ಮುಚ್ಚಿಲ್ಲ. ಪದವಿಯ ಒಳಗೇ ಅಪ್ರೆಂಟಿಸ್ ಕಾಲವನ್ನು ಸೇರಿಸಬಹುದೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ 2020ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಕಾಗದದ ಮೇಲಿನ ಆ ಮಾತು ಕಾಲೇಜಿನ ವೇಳಾಪಟ್ಟಿಗೆ ಇಳಿಯಬೇಕು. ತರಬೇತಿಯ ದಿನಗಳಲ್ಲಿ ಹುಡುಗನಿಗೆ ಕಳೆದುಹೋದ ಕೂಲಿಯನ್ನು ತುಂಬಿಕೊಡಬೇಕು. ಇಟ್ಟಿಗೆಯನ್ನು ನೀರಿನಲ್ಲಿ ನೆನೆಸದೆ ಇಟ್ಟರೆ ಗಾರೆಯ ನೀರನ್ನೆಲ್ಲ ಅದೇ ಕುಡಿದು ಗೋಡೆ ನಿಲ್ಲುವುದಿಲ್ಲ ಎಂದು ಎದುರು ಮನೆಯ ಮೇಸ್ತ್ರಿ ನನಗೆ ಹೇಳಿದ. ಹಸಿದ ಹುಡುಗನಿಗೆ ಕೊಟ್ಟ ವಿದ್ಯೆಯೂ ಹಾಗೆಯೇ. ಮೊದಲು ಹೊಟ್ಟೆ ತಣ್ಣಗಿರಬೇಕು.

ನನ್ನ ವಿದ್ಯಾರ್ಥಿ ಏನು ಮಾಡಿದ ಎಂದು ವಾಚಕರು ಕೇಳಬಹುದು. ಪ್ರಾಂಶುಪಾಲರ ಮುಂದೆ ನಾನು ಅವನ ಪರವಾಗಿ ವಾದಿಸಿದೆ. ಉಳಿದ ವಾರಗಳಲ್ಲಿ ಒಂದು ದಿನವೂ ತಪ್ಪದೆ ಬಂದರೆ ಹಾಜರಿ ಅಂಚಿಗೆ ಮುಟ್ಟುತ್ತದೆಂದು ಲೆಕ್ಕ ಹಾಕಿದೆವು. ಅವನು ಬಂದ. ಆ ವಾರಗಳಲ್ಲಿ ಅವನ ತಾಯಿ ಎರಡು ಕಡೆ ಕೆಲಸ ಮಾಡಿದರು. ಪರೀಕ್ಷೆ ಮುಗಿಸಿ ರಜೆಯಲ್ಲಿ ತರಬೇತಿಗೂ ಹೋದ. ಆಗಲೂ ಮನೆ ನಡೆದದ್ದು ಆ ತಾಯಿಯ ತಲೆಯ ಮೇಲಿನ ಇಟ್ಟಿಗೆಯಿಂದಲೇ. ಅವನ ಪ್ರಮಾಣಪತ್ರದಲ್ಲಿ ಸರಕಾರದ ಮುದ್ರೆಯಿದೆ; ವೆಚ್ಚದಲ್ಲಿ ಅರ್ಧ ಕೊಟ್ಟ ಆ ಹೆಂಗಸಿನ ಹೆಸರು ಎಲ್ಲಿಯೂ ಇಲ್ಲ.

ಈಗ ಅವನು ಕೊನೆಯ ವರ್ಷದಲ್ಲಿದ್ದಾನೆ. ನಕ್ಷೆ ಓದುತ್ತಾನೆ, ಕಾವ್ಯವನ್ನೂ ಓದುತ್ತಾನೆ. ವಾರದಲ್ಲಿ ಒಂದೆರಡು ದಿನ ಈಗಲೂ ಬರುವುದಿಲ್ಲ. ಆ ದಿನಗಳಲ್ಲಿ ಹಾಜರಿ ಕರೆಯುವಾಗ ಅವನ ಸಂಖ್ಯೆ ಬಂದರೆ ತರಗತಿ ಸುಮ್ಮನಿರುತ್ತದೆ. ನಾನು ನಿಯಮದಂತೆ ಗೈರು ಎಂದು ಬರೆಯುತ್ತೇನೆ. ಆ ಹೊತ್ತಿಗೆ ಅವನು ಊರಿನ ಯಾವುದೋ ಮೂಲೆಯಲ್ಲಿ ತೂಗುಗುಂಡು ಇಳಿಬಿಟ್ಟು ಗೋಡೆ ನೆಟ್ಟಗಿದೆಯೇ ಎಂದು ನೋಡುತ್ತಿರುತ್ತಾನೆ.